ಹರವಿಯಲ್ಲಿ ಇಳಿದ ನೀರು

ಮೆಣಸಿನಕಾಯಿಯ ಘಾಟು ಮೂಗಿಗೆ ಬರುವ ಮೊದಲೇ ಗಂಟಲು ಹಿಡಿಯುತ್ತದೆ. ಹೋದ ತಿಂಗಳು ಧಾರವಾಡದಲ್ಲಿ ಎರಡು ದಿನದ ತರಬೇತಿ ಮುಗಿಸಿ, ಮಧ್ಯಾಹ್ನವೇ ಹುಬ್ಬಳ್ಳಿಗೆ ಹೊರಟಿದ್ದೆ. ಸಂಜೆ ರೈಲಿತ್ತು. ಊರೊಳಗೆ ಗಾಡಿಗಳ ಗದ್ದಲ ಎಂದು ಡ್ರೈವರ್ ಬೈಪಾಸ್ ಹಿಡಿದಿದ್ದ. ಗಬ್ಬೂರು ಹತ್ತಿರವಾಗುತ್ತಿದ್ದಂತೆ "ಗಾಜು ಏರಸ್ರಿ ಮೇಡಂ, ಕಾಯಿ ಗೋದಾಮು ಬಂದ್ವು" ಎಂದ. ನಾನು ಏರಿಸುವಷ್ಟರಲ್ಲಿ ಕೆಮ್ಮು ಹತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಮಾರ್ಚ್ ಇನ್ನೂ ಅರ್ಧ ಮುಗಿದಿರಲಿಲ್ಲ, ಹೊರಗೆ ಮಾತ್ರ ಏಪ್ರಿಲ್ ಕೊನೆಯ ಬಿಸಿಲು. "ಇಲ್ಲೇ ಒಂದೀಟು ನಿಲ್ಲಸ್ರಿ" ಎಂದೆ. ಆರು ವರ್ಷ ಆ ರಸ್ತೆಯನ್ನು ತಪ್ಪಿಸಿಕೊಂಡು ಅಡ್ಡಾಡಿದವಳು ಅವತ್ತು ಯಾಕೆ ಹಾಗೆಂದೆನೋ ಗೊತ್ತಿಲ್ಲ.

ಅಲ್ಲಿಯ ಕಾಯಿ ಶೆಡ್ಡೊಂದಕ್ಕೆ ನಾನು ಮೊದಲು ಕಾಲಿಟ್ಟದ್ದು ಆರು ವರ್ಷದ ಹಿಂದೆ, ಶಿವರಾತ್ರಿಯ ಮರುದಿನ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋಗುತ್ತದೆ ಅನ್ನುತ್ತಾರೆ. ಆ ವರ್ಷ ಚಳಿ ಬಂದೇ ಇರಲಿಲ್ಲ, ಹೋಗುವ ಮಾತೆಲ್ಲಿಂದ ಬರಬೇಕು? ಆಗಷ್ಟೇ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದೆ. ಮನೆಯಲ್ಲಿ ಎಲ್ಲರೂ ಬ್ಯಾಂಕ್ ಪರೀಕ್ಷೆ ಕಟ್ಟು ಎಂದು ಹೇಳುತ್ತಿದ್ದರೆ, ನಾನು ಹವಾಮಾನ ನ್ಯಾಯ, ಲಿಂಗ ಸಮಾನತೆ ಎಂಬ ದೊಡ್ಡ ಶಬ್ದಗಳ ಒಂದು ಸಣ್ಣ ಸಂಸ್ಥೆ ಸೇರಿಕೊಂಡಿದ್ದೆ. "ಹವಾಮಾನಕ್ಕ ನ್ಯಾಯ ಯಾರ ಕೊಡತಾರ, ಜಡ್ಜ್ ಸಾಹೇಬ್ರೇನು?" ಎಂದು ಅವ್ವ ಕೇಳಿದ್ದಳು. ಧಾರವಾಡದ ಮನೆಯಿಂದ ದಿನಾ ಬಂದುಹೋಗುವುದು ದೂರವಾಗುತ್ತದೆಂದು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಒಂದು ರೂಮು ಹಿಡಿದೆ. ಬ್ಯಾಗಿನಲ್ಲಿ ಪ್ರಶ್ನಾವಳಿಯ ಕಟ್ಟು, ಬಿಸಿಲು ಅಳೆಯುವ ಬೆರಳುದ್ದದ ಒಂದು ಯಂತ್ರ. ತಲೆಯಲ್ಲಿ ನಾಡನ್ನೇ ತಿದ್ದಿಬಿಡುವ ಉಮೇದಿ.

ಕೆಲಸ ಹೇಳಲು ಸರಳ. ಬಿಸಿಲು ಹೆಚ್ಚಾದಂತೆ ಹೆಣ್ಣುಮಕ್ಕಳ ದುಡಿಮೆಗೆ, ಮೈಗೆ ಏನಾಗುತ್ತದೆ ಎಂದು ಒಂದು ಬೇಸಿಗೆ ಪೂರ್ತಿ ಬರೆದಿಡಬೇಕು. ಮೂರು ಶೆಡ್ಡುಗಳಲ್ಲಿ ಗಬ್ಬೂರಿನದು ನನ್ನ ಪಾಲಿಗೆ ಬಂದಿತ್ತು. ಒಣ ಮೆಣಸಿನಕಾಯಿ ಚೀಲಗಳಲ್ಲಿ ಬರುತ್ತದೆ. ಹೆಂಗಸರು ಅದನ್ನು ರಾಶಿ ಹಾಕಿಕೊಂಡು ಸುತ್ತ ಕೂತು ಒಂದೊಂದೇ ಕಾಯಿಯ ತೊಟ್ಟು ಬಿಡಿಸುತ್ತಾರೆ. ಮೇಲೆ ತಗಡು, ಮೂರು ಕಡೆ ಗೋಡೆ, ಮುಖಕ್ಕೆ ಹಳೇ ಸೀರೆಯ ತುಂಡು ಕಟ್ಟಿಕೊಂಡ ಮೂವತ್ತು ಮಂದಿ. ಮಧ್ಯಾಹ್ನ ಒಂದು ಗಂಟೆಗೆ ಆ ತಗಡು ಟಪ್ ಟಪ್ ಎಂದು ಸದ್ದು ಮಾಡುತ್ತಿತ್ತು. ಮೊದಲ ದಿನ ಮಳೆ ಬಂತೆಂದು ಹೊರಗೆ ನೋಡಿದೆ. ಎಲ್ಲರೂ ನಕ್ಕರು.

ಮೊದಲು ನಕ್ಕವಳು ನೀಲವ್ವ. ನಲವತ್ತರ ಆಸುಪಾಸಿನ, ಎಲುಬಿನ ಮೈಯ ಹೆಂಗಸು. ಅವಳ ಬೆರಳು ಎಷ್ಟು ಚುರುಕೆಂದರೆ, ಮಾತಾಡುತ್ತ ನನ್ನ ಮುಖ ನೋಡುತ್ತಿದ್ದರೂ ಕಾಯಿ ಒಂದು ಕಡೆ, ತೊಟ್ಟು ಇನ್ನೊಂದು ಕಡೆ ಬೀಳುತ್ತಲೇ ಇರುತ್ತಿದ್ದವು. ನಾನು ಕೂತ ತಕ್ಷಣ ಎದ್ದು ಮೂಲೆಯಲ್ಲಿದ್ದ ದೊಡ್ಡ ಮಣ್ಣಿನ ಹರವಿಯಿಂದ ತಂಬಿಗೆ ತುಂಬಿಕೊಂಡು, ಸೆರಗಿನ ಗಂಟಿನಲ್ಲಿದ್ದ ಬೆಲ್ಲದ ಚೂರು ತೆಗೆದು ಮುಂದೆ ಹಿಡಿದಳು. "ತಗೋರಿ ಅಕ್ಕಾರ, ಬಿಸಲಾಗ ಬಂದೀರಿ."

"ಈಗ ಕುಡದ ಬಂದೇನ್ರಿ ನೀಲಕ್ಕ" ಎಂದೆ. ಬೆಲ್ಲ ಮಾತ್ರ ಬಾಯಿಗೆ ಹಾಕಿಕೊಂಡೆ.

ಅದು ಸುಳ್ಳು. ಆ ಶೆಡ್ಡಿನಲ್ಲಿ, ಅದರ ಸುತ್ತಮುತ್ತ ಎಲ್ಲಿಯೂ ಪಾಯಖಾನೆ ಇರಲಿಲ್ಲ. ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೋಗುವವಳು ನಾನು, ನೀರು ಕುಡಿದರೆ ಎಲ್ಲಿಗೆ ಹೋಗಲಿ? ಬಸ್ಸಿನಲ್ಲಿ ಊರಿಗೆ ಹೋಗುವ ದಿನ ಬೆಳಗಿನಿಂದ ನೀರು ಕಡಿಮೆ ಮಾಡು ಎಂದು ಅವ್ವ ನನಗೆ ಹನ್ನೆರಡನೆಯ ವಯಸ್ಸಿನಲ್ಲಿ ಕಲಿಸಿದ್ದಳು. ಅದೇ ಅಭ್ಯಾಸ. ದಿನಾ ಅವರು ನೀರು ಹಿಡಿಯುವುದು, ದಿನಾ ನಾನು ಈಗ ಕುಡಿದು ಬಂದೆ ಎನ್ನುವುದು. ಆ ಬೇಸಿಗೆ ಮುಗಿಯುವವರೆಗೂ ಅದೇ ನಡೆಯಿತು.

ನನ್ನ ಪ್ರಶ್ನಾವಳಿಯಲ್ಲಿ ಹದಿನಾಲ್ಕನೆಯ ಪ್ರಶ್ನೆ ನೀರಿನದು. ಕೆಲಸದ ಹೊತ್ತಿನಲ್ಲಿ ಎಷ್ಟು ಸಲ ನೀರು ಕುಡಿಯುತ್ತೀರಿ? "ಕುಡೀತೇವ್ರಿ, ಬೇಕಾದಷ್ಟ ಕುಡೀತೇವ್ರಿ" ಎಂದು ಎಲ್ಲರೂ ಹೇಳಿದರು. ಬಾಯಿಮಾತನ್ನು ನಂಬುವ ಅರ್ಥಶಾಸ್ತ್ರಜ್ಞೆ ನಾನಲ್ಲವಲ್ಲ! ಒಂದು ಬಿದಿರು ಕಡ್ಡಿಗೆ ಗೆರೆ ಕೊರೆದು ತಂದೆ. ಬೆಳಿಗ್ಗೆ ಏಳಕ್ಕೆ ಹರವಿ ಕಂಠದವರೆಗೆ ತುಂಬುತ್ತಿದ್ದರು. ನಾನು ಹನ್ನೊಂದಕ್ಕೆ ಬಂದು ಕಡ್ಡಿ ಅದ್ದಿ ನೋಡಿದರೆ ನೀರು ಅರ್ಧಕ್ಕಿಂತ ಕೆಳಗೆ ಇಳಿದಿರುತ್ತಿತ್ತು. ಒಂದು ದಿನವಲ್ಲ, ಎಲ್ಲ ದಿನವೂ. ನಾನಿದ್ದ ಹೊತ್ತಿನಲ್ಲಿ ಯಾರೂ ಹರವಿಯ ಕಡೆ ಏಳದಿದ್ದರೆ, ಬೆಳಗಿನ ತಂಪಿನಲ್ಲೇ ಕುಡಿದಿರುತ್ತಾರೆ ಎಂದುಕೊಂಡೆ. ಅವರ ಮಾತಿಗೂ ನನ್ನ ಕಡ್ಡಿಗೂ ತಾಳೆಯಾಯಿತು. ಬೆಂಗಳೂರಿನ ನಮ್ಮ ಮೇಲಧಿಕಾರಿ ಸುಮತಿ ಮೇಡಂ ಫೋನಿನಲ್ಲಿ "ವೆರಿ ಗುಡ್, ಇಷ್ಟು ಶಿಸ್ತಿನಿಂದ ಯಾರೂ ಅಳೆದಿರಲಿಲ್ಲ" ಎಂದಾಗ ನಾನು ಗೋಪನಕೊಪ್ಪದ ರೂಮಿನಲ್ಲಿ ಒಬ್ಬಳೇ ನಕ್ಕಿದ್ದೆ.

ಹೋಳಿ ಹುಣ್ಣಿಮೆ ಕಳೆಯಿತು, ರಂಗಪಂಚಮಿಯ ಬಣ್ಣ ರಸ್ತೆಯ ಮೇಲೆಯೇ ಒಣಗಿ ಧೂಳಾಯಿತು. ಯುಗಾದಿಯ ಹೊತ್ತಿಗೆ ಒಂದಾದರೂ ಮಳೆ ಬೀಳುವುದು ಈ ಕಡೆಯ ವಾಡಿಕೆ. ಸಂಜೆಯಾದರೆ ಮೋಡ ಕಟ್ಟುತ್ತಿತ್ತು, ಗಾಳಿ ಏಳುತ್ತಿತ್ತು, ಮಣ್ಣಿನ ವಾಸನೆಯೂ ಎಲ್ಲಿಂದಲೋ ಬರುತ್ತಿತ್ತು. ಹನಿ ಮಾತ್ರ ಬೀಳಲಿಲ್ಲ. ಹಾಗೆ ಎಂಟು ಹತ್ತು ಸಂಜೆಗಳಾದ ಮೇಲೆ ಮೋಡ ಕಟ್ಟುವುದೂ ನಿಂತಿತು. ನನ್ನ ಯಂತ್ರ ಶೆಡ್ಡಿನೊಳಗೆ ತೋರಿಸುತ್ತಿದ್ದ ಅಂಕಿ ಹೊರಗಿನದಕ್ಕಿಂತ ಯಾವಾಗಲೂ ಹೆಚ್ಚು. ಅದನ್ನು ಬರೆದುಕೊಳ್ಳುವಾಗ ನನಗೆ ಹೆದರಿಕೆಯಾಗಬೇಕಿತ್ತು. ಖುಷಿಯಾಗುತ್ತಿತ್ತು, ವರದಿ ಗಟ್ಟಿಯಾಗುತ್ತದೆಂದು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಖರೇ ಅದೇ.

ಅದೇ ದಿನಗಳಲ್ಲಿ ಶೆಡ್ಡಿನ ಹಿಂದೆ ಆಳೆತ್ತರ ಬೆಳೆದಿದ್ದ ಜಾಲಿಕಂಟಿಯ ಪೊದೆ ಹೋಯಿತು. ಅದೊಂದು ಬೀಳು ಹೊಲ, ಯಾರೋ ಪ್ಲಾಟು ಮಾಡಲು ಕೊಂಡಿದ್ದರು. ಎರಡು ದಿನದಲ್ಲಿ ಜೆಸಿಬಿ ಬಂದು ಎಲ್ಲ ಬೋಳಿಸಿತು, ಹಿಂದೆಯೇ ಸುತ್ತ ಕಂಪೌಂಡು ಎದ್ದಿತು. ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಮೂವತ್ತು ಜೋಡಿ ಕೈ ಒಟ್ಟಿಗೆ ನಿಂತದ್ದನ್ನು ಆ ಬೇಸಿಗೆಯಲ್ಲಿ ನಾನು ನೋಡಿದ್ದು ಅದೊಂದೇ ಸಲ. ನಾನು ನೋಟ್ ಪುಸ್ತಕದಲ್ಲಿ "ಮರಗಿಡ ನಾಶ, ನೆರಳು ಕಡಿಮೆ" ಎಂದು ಬರೆದುಕೊಂಡೆ. ಆಮೇಲೆ ಎರಡು ಮೂರು ದಿನದಲ್ಲಿ ನೀಲವ್ವ ಸೊರಗಿದಳು. ಅವಳ ತುಟಿ ಒಡೆದು ಬಿಳಿ ಪೊರೆ ಎದ್ದಿತ್ತು. ಮೆಣಸಿನಕಾಯಿಯ ಧೂಳಿಗೆ ಹಾಗಾಗುತ್ತದೆ ಎಂದುಕೊಂಡೆ.

ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಅವಳೇ ಕೇಳಿದಳು. "ಅಕ್ಕಾರ, ಒಂದು ಕೇಳ್ಲ್ಯಾ? ನೀವು ಇಲ್ಲಿಂದ ಹೋದಮ್ಯಾಲೆ ಮನ್ಯಾಗ ಎಷ್ಟ ನೀರ ಕುಡೀತೀರಿ?"

ನಾನು ನಕ್ಕು, "ಅದು ನನ್ನ ಪ್ರಶ್ನಿ ಐತಿ ನೀಲಕ್ಕ, ನೀವು ಕೇಳಂಗಿಲ್ಲ" ಎಂದೆ.

ಅವಳೂ ನಕ್ಕಳು. ಸುತ್ತ ಕೂತವರು ಮುಖಕ್ಕೆ ಕಟ್ಟಿದ ಬಟ್ಟೆಯೊಳಗೆ ನಕ್ಕರು. ಅದೊಂದು ಬಾಗಿಲು, ಅವಳಾಗಿಯೇ ತೆರೆದಿದ್ದಳು. ನಾನು ನಗುತ್ತ ಮುಚ್ಚಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನಾನು ಕನ್ನಡಿ, ಯಂತ್ರ, ಗೆರೆ ಕೊರೆದ ಕಡ್ಡಿ ಎಲ್ಲ ಹೊತ್ತುಕೊಂಡು ಹೋದೆ, ಅಂಗೈಯನ್ನು ಮಾತ್ರ ನೋಡಿಕೊಳ್ಳಲಿಲ್ಲ.

ಏಪ್ರಿಲ್ ಕೊನೆಗೆ ಮಧ್ಯಂತರ ವರದಿ ಕಳಿಸಬೇಕಿತ್ತು. ಮೂರು ಶೆಡ್ಡುಗಳಲ್ಲಿ ಒಂದಕ್ಕೆ ಮಾತ್ರ ಆ ಬೇಸಿಗೆಯಲ್ಲೇ ಪಾಯಖಾನೆ ಕಟ್ಟಿಸಿಕೊಡಲು ಸಂಸ್ಥೆಗೆ ಆಗುತ್ತಿತ್ತು. ಯಾರಿಗೆ ಹೆಚ್ಚು ಅವಶ್ಯ ಎಂದು ನಮ್ಮ ಅಂಕಿಗಳೇ ಹೇಳಬೇಕು. "ಗಬ್ಬೂರಿನವರನ್ನು ನೇರವಾಗಿ ಕೇಳಿದಿರಾ?" ಎಂದರು ಸುಮತಿ ಮೇಡಂ. ಕೇಳಿದ್ದೆ. ಶೆಡ್ಡಿನ ಲೆಕ್ಕ ನೋಡುವ ದಿವಾಣಜಿ ಹತ್ತು ಹೆಜ್ಜೆ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾಗ, ಮೂವತ್ತು ಮಂದಿಯ ನಡುವೆ ಗಟ್ಟಿ ದನಿಯಲ್ಲಿ ಕೇಳಿದ್ದೆ. "ನಮಗೇನ ತ್ರಾಸ ಇಲ್ರಿ" ಎಂದಿದ್ದರು. ನೀರು ಯಥೇಚ್ಛ ಕುಡಿಯುತ್ತಿದ್ದಾರೆ, ಅಂದರೆ ಹೇಗೋ ನಿಭಾಯಿಸಿಕೊಂಡಿದ್ದಾರೆ ಎಂದು ಬರೆದೆ. ಪಾಯಖಾನೆ ಬೆಂಗೇರಿ ಕಡೆಯ ಶೆಡ್ಡಿಗೆ ಹೋಯಿತು. ಗಬ್ಬೂರಿಗೆ ಎರಡು ಫ್ಯಾನು ಬಂದವು. ಫ್ಯಾನು ಹಾಕಿದರೆ ಧೂಳೆಲ್ಲ ಕಣ್ಣಿಗೆ ಬರುತ್ತಿತ್ತು, ಮೂರನೆಯ ದಿನ ಅವರೇ ಆರಿಸಿದರು.

ಮೇ ಮೊದಲ ವಾರ ನೀಲವ್ವನ ಮಗಳು ಮಂಜುಳಾ ಶೆಡ್ಡಿಗೆ ಬರತೊಡಗಿದಳು. ಪಿಯುಸಿ ಮುಗಿಸಿದ ಹುಡುಗಿ, ರಜೆಯೆಂದು ತಾಯಿಯ ಜೊತೆ ಕೂಡುತ್ತಿದ್ದಳು. "ಇಕಿಗೂ ನಿಮ್ಮಂಗ ಬರಕೊಂತ ಅಡ್ಡಾಡೋ ನೌಕರಿ ಸಿಗೋ ಹಂಗ ಮಾಡ್ರಿ" ಎಂದು ನೀಲವ್ವ ನನಗೆ ಹೇಳಿದಳು. ಮಂಜುಳಾ ನನ್ನ ಪ್ರಶ್ನಾವಳಿಯನ್ನು ತಿರುವಿ ಹಾಕಿ, "ಇದರಾಗ ಎಲ್ಲಾ ಕೇಳೀರಿ ಅಕ್ಕಾರ, ಒಂದಕ್ಕ ಎಲ್ಲಿ ಹೊಕ್ಕೀರಿ ಅಂತ ಮಾತ್ರ ಕೇಳಿಲ್ಲ" ಎಂದಳು. ತಾಯಿ ಅವಳ ತೊಡೆ ಚಿವುಟಿದ್ದು ಕಂಡಿತು. ನೀಲವ್ವನ ಪಾದ ಊದಿದ್ದೂ ಅವತ್ತೇ ಕಂಡಿತು, ಕಾಲುಂಗುರ ಮಾಂಸದಲ್ಲಿ ಹೂತು ಹೋಗಿತ್ತು. "ಕುಂತು ಕುಂತು ಹಂಗಾಗತೈತ್ರಿ" ಎಂದಳು. ಆ ವಾರ ಕಾಗೆಗಳು ಶೆಡ್ಡಿನೊಳಗೇ ಬಂದು ಹರವಿಯ ಅಂಚಿನ ಮೇಲೆ ಕೂಡತೊಡಗಿದ್ದವು. ಓಡಿಸಿದರೂ ಹೋಗುತ್ತಿರಲಿಲ್ಲ.

ಅವಳು ಬಿದ್ದ ದಿನ ನಾನು ಅಲ್ಲಿಯೇ ಇದ್ದೆ. ಎರಡು ಗಂಟೆಯ ಸುಮಾರು. ಕಾಯಿ ಬಿಡಿಸುತ್ತಿದ್ದ ಬೆರಳು ನಿಧಾನವಾದವು, ಆಮೇಲೆ ಬರೀ ಗಾಳಿಯಲ್ಲಿ ತೊಟ್ಟು ಮುರಿಯತೊಡಗಿದವು. "ಅವ್ವಾ, ಕೈಯಾಗ ಕಾಯೇ ಇಲ್ಲಲ್ಲ" ಎಂದಳು ಮಂಜುಳಾ. ನೀಲವ್ವ ಮಗಳ ಕಡೆ ತಿರುಗಿ, ಗುರುತು ಸಿಗದವಳಂತೆ ನೋಡಿ, ರಾಶಿಯ ಮೇಲೆಯೇ ಮುಖ ಮಾಡಿ ಬಿದ್ದಳು. ಎತ್ತಿದಾಗ ಮೈ ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ನಾನು ಕೂಗಿ ಹರವಿಯ ನೀರು ತರಿಸಿ ಅವಳ ಬಾಯಿಗೆ ಹಿಡಿದೆ. ಹಲ್ಲು ಬಿಡಲಿಲ್ಲ. ನೀರು ಗದ್ದದ ಮೇಲೆ ಹರಿದು ಕಾಯಿಯ ಮೇಲೆ ಬಿತ್ತು.

ದೊಡ್ಡಾಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಮಂಜುಳಾಳನ್ನು ಕೇಳಿದರು, "ಇವರು ಕೆಲಸದಾಗ ನೀರು ಕುಡೀತಿದ್ರೇನವಾ? ಎರಡೂ ಕಿಡ್ನಿ ನಿಂತಾವ. ಇದು ಒಂದು ದಿನದ್ದಲ್ಲ." ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಕುಡೀತಿದ್ರು ಡಾಕ್ಟರ. ನನ್ನ ಹತ್ರ ಬರದಿಟ್ಟದ್ದು ಐತಿ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೊಬೈಲ್ ತೆಗೆದು ನನ್ನ ಕೋಷ್ಟಕವನ್ನು ಅವರ ಮುಂದೆ ಹಿಡಿದಿದ್ದೆ. ಡಾಕ್ಟರು ಅದನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಮಂಜುಳಾ ನೆಲ ನೋಡುತ್ತಿದ್ದಳು. ಮೂರನೆಯ ದಿನ ನೀಲವ್ವ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಅವರ ಮನೆಯ ಕಟ್ಟೆಯ ಮೇಲೆ ಮಂಜುಳಾಳ ಪಕ್ಕ ಕೂತೆ. ಅವಳಾಗಿಯೇ ಹೇಳಿದಳು. "ಅವ್ವ ಶೆಡ್ಡಿನ್ಯಾಗ ನೀರ ಕುಡದದ್ದ ನಾ ಒಂದಿನಾನೂ ನೋಡಿಲ್ರಿ. ಯಾರೂ ಕುಡ್ಯಂಗಿಲ್ರಿ. ಮೊದಲ ಮರೀಗೆ ಹೋಗಾಕ ಜಾಲಿಕಂಟಿ ಇತ್ತು, ಒಂದೆರಡ ಗುಟುಕರೆ ಕುಡೀತಿದ್ರು. ಅದನ್ನ ಕಡದಮ್ಯಾಲೆ ಅದನ್ನೂ ಬಿಟ್ರು. ಮುಂಜಾನೆ ಮನ್ಯಾಗಿಂದನ ಬಾಯಿ ಕಟ್ಟಿ ಬರತಾರ್ರಿ."

"ಹರವಿ ನೀರ? ದಿನಾ ಅರ್ಧಾ ಇಳೀತಿತ್ತಲ್ಲ?"

ಅವಳು ನನ್ನ ಮುಖ ನೋಡಿದಳು. ಇಷ್ಟು ಓದಿದವಳಿಗೆ ಇದೂ ಗೊತ್ತಿಲ್ಲವೇ ಎಂಬ ಹಾಗೆ. "ಅದು ಕಾಯಿಗೆ ಹೊಡ್ಯಾಕ್ರಿ. ಮುಂಜಾನೆ ಚೀಲಾ ಸುರುವಿದ ಕೂಡ್ಲೆ ನೀರು ಚಿಮುಕಿಸಿ ಮೆತ್ತಗ ಮಾಡತಾರ. ಇಲ್ಲಾಂದ್ರ ಕಾಯಿ ಮುರದು ಬೀಜಾ ಉದರತಾವು, ದಿವಾಣಜಿ ಬೈತಾನ."

ಏಳರಿಂದ ಎಂಟರ ಒಳಗೆ ಮುಗಿಯುವ ಕೆಲಸ. ಹನ್ನೊಂದಕ್ಕೆ ಬರುವ ನಾನು ಅದನ್ನು ಒಂದು ದಿನವೂ ನೋಡಿರಲಿಲ್ಲ. ಮೂರು ತಿಂಗಳು ನಾನು ಮೆಣಸಿನಕಾಯಿ ಕುಡಿದ ನೀರನ್ನು ಅಳೆದು ಹೆಂಗಸರ ಹೆಸರಿನ ಮುಂದೆ ಬರೆದಿದ್ದೆ. ಅವರು ನನಗೆ ಸುಳ್ಳು ಹೇಳಿದ್ದು ನಾನು ಅವರಿಗೆ ಹೇಳಿದಂಥದೇ ಸುಳ್ಳು. ಅವರಿಗೆ ನನ್ನದು ಮೊದಲ ದಿನವೇ ಗೊತ್ತಾಗಿತ್ತು. ಅದಕ್ಕೇ ನೀಲವ್ವ ಮನೆಯಲ್ಲಿ ಎಷ್ಟು ಕುಡಿಯುತ್ತೀರಿ ಎಂದು ಕೇಳಿದ್ದು. ಮಂಜುಳಾಳ ಕೈ ಹಿಡಿದು, ನಿನ್ನ ಓದು ನನ್ನ ಜವಾಬ್ದಾರಿ ಎಂದೆ. ಆ ಹೊತ್ತಿಗೆ ಆ ಮಾತು ನಿಜವಾಗಿಯೇ ಹೊಟ್ಟೆಯೊಳಗಿಂದ ಬಂದಿತ್ತು.

ಜೂನ್‌ನಲ್ಲಿ ಮಳೆ ಬಂತು. ನಾನು ಎರಡನೆಯ ವರದಿ ಬರೆದೆ, ಏನೂ ಮುಚ್ಚಿಡದೆ ನನ್ನ ತಪ್ಪಿನಿಂದಲೇ ಶುರುಮಾಡಿ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಆ ತಪ್ಪೇ ನನಗೆ ಹೆಸರು ತಂದಿತು. ಬಿಸಿಲು, ನೀರು ಮತ್ತು ಹೆಣ್ಣಿನ ನಾಚಿಕೆ ಎಂದು ಮಾತಾಡಲು ಎಲ್ಲೆಲ್ಲಿಂದಲೋ ಕರೆ ಬಂದವು. ತಣ್ಣಗಿನ ಸಭಾಂಗಣಗಳಲ್ಲಿ ಹರವಿಯ ಕಥೆ ಹೇಳಿದೆ, ಎಲ್ಲಿ ದನಿ ಇಳಿಸಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದು ರೂಢಿಯಾಯಿತು. ಹೇಳುವಾಗ ಎದುರಿಗೆ ನೀರಿನ ಬಾಟಲಿ ಇರುತ್ತಿತ್ತು. ಗಬ್ಬೂರಿನ ಶೆಡ್ಡಿಗೂ ಮರುವರ್ಷ ಪಾಯಖಾನೆ ಬಂತು, ಫೋಟೋ ಕಳಿಸಿದ್ದರು. ಬಿ.ಎ. ಸೇರಿದ್ದ ಮಂಜುಳಾಳಿಗೆ ಮೊದಲ ವರ್ಷ ತಿಂಗಳಿಗೊಮ್ಮೆ ಫೋನ್ ಮಾಡಿದೆ. ಎರಡನೆಯ ವರ್ಷ ಹಬ್ಬಕ್ಕೊಮ್ಮೆ. ಆಮೇಲೆ ಅವಳ ನಂಬರು ಬದಲಾಯಿತು, ನಾನು ಹುಡುಕಲಿಲ್ಲ.

ಹೋದ ತಿಂಗಳು ಕಾರಿನಿಂದ ಇಳಿದು ಶೆಡ್ಡಿನೊಳಗೆ ಹೋದಾಗ ಘಾಟಿಗೆ ಕಣ್ಣು ಉರಿದು ಒಂದು ಕ್ಷಣ ಏನೂ ಕಾಣಲಿಲ್ಲ. ತಗಡು ಟಪ್ ಟಪ್ ಎನ್ನುತ್ತಿತ್ತು. ದಿವಾಣಜಿ ಅವನೇ, ಕೂದಲಿಗೆ ಬಣ್ಣ ಬಂದಿತ್ತು. ನೀಲವ್ವ ಕೂಡುತ್ತಿದ್ದ ಕಂಬದ ಬುಡದಲ್ಲಿ ಒಬ್ಬಳು ಬೆರಳು ನಿಲ್ಲಿಸದೆ ನನ್ನನ್ನೇ ನೋಡುತ್ತಿದ್ದಳು. ಮುಖದ ಬಟ್ಟೆ ಇಳಿಸಿದಳು. ಮಂಜುಳಾ. ಅದೇ ತುಟಿ, ಅದೇ ಬಿಳಿ ಪೊರೆ.

"ಬಿ.ಎ.?" ಎಂದೆ.

"ಎರಡನೇ ವರ್ಷಕ್ಕ ಬಿಟ್ಟೆರಿ. ನೀವು ಛಲೋ ಅದೀರಿಲ್ರೀ ಅಕ್ಕಾರ?" ಎಂದು ಎದ್ದು, ಹರವಿಯಿಂದ ತಂಬಿಗೆ ತುಂಬಿ, ಸೆರಗಿನ ಬೆಲ್ಲ ತೆಗೆದಳು. "ತಗೋರಿ, ಬಿಸಲಾಗ ಬಂದೀರಿ."

ಈಗ ಕುಡಿದು ಬಂದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿ, ತಂಬಿಗೆ ಪೂರ್ತಿ ಕುಡಿದೆ. "ನೀ ಕುಡದಿಯೇನು?"

"ಕುಡದೇನ್ರಿ. ಬೇಕಾದಷ್ಟ ಕುಡದೇನಿ" ಎಂದಳು. ಸುತ್ತ ಕೂತ ಯಾರೂ ಈ ಸಲ ನಗಲಿಲ್ಲ.

ಪಾಯಖಾನೆ ಶೆಡ್ಡಿನ ಹಿಂದೆ ಇತ್ತು. ನಮ್ಮ ಸಂಸ್ಥೆಯ ಹೆಸರಿನ ಫಲಕ, ಬಾಗಿಲಿಗೆ ಕೀಲಿ. ದಿವಾಣಜಿಯನ್ನು ಕೀಲಿಕೈ ಕೇಳಿದೆ. "ಅದ್ಯಾಕ ಬಿಡ್ರಿ ಮೇಡಂ, ಸಾಹುಕಾರ್ರ ಮನಿ ಇಲ್ಲೇ ಐತಿ, ನಿಮ್ಮನ್ನ ಅಲ್ಲಿಗೆ ಕಳಸ್ತೇನಿ" ಎಂದ. ನನಗೆ ಇಲ್ಲಿಯೇ ಬೇಕು ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಬಾಗಿಲು ತೆಗೆದರೆ ಒಳಗೆ ಛತ್ತಿನವರೆಗೆ ಮೆಣಸಿನಕಾಯಿ ಚೀಲ. "ಜಾಗಾ ಸಾಲಂಗಿಲ್ರಿ. ಇವರೂ ಯಾರೂ ಕೇಳಂಗಿಲ್ಲ" ಎಂದ. ಹಮಾಲರನ್ನು ಕರೆಸಿ ಒಂದೊಂದೇ ಚೀಲ ಹೊರಗೆ ಹಾಕಿಸಿದೆ. ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಒಳಗಿನ ನೆಲವನ್ನು ನಾನೇ ನೀರು ಹಾಕಿ ತೊಳೆದೆ, ಬಾಗಿಲು ಹಾಕಿಕೊಂಡೆ, ಹೊರಗೆ ಬಂದೆ. ಆಮೇಲೆ ಹರವಿಯಿಂದ ತಂಬಿಗೆ ತುಂಬಿ ಮಂಜುಳಾಳ ಕೈಗೆ ಕೊಟ್ಟೆ.

"ಈಗ ಕುಡಿ."

ಅವಳು ತಂಬಿಗೆ ಹಿಡಿದು ನಿಂತಳು. ಅಂಗಳದಲ್ಲಿ ದಿವಾಣಜಿ ಹಮಾಲರಿಗೆ, "ದೂರ ಒಯ್ಯಬ್ಯಾಡ್ರೋ, ಇಲ್ಲೇ ಇರ್ಲಿ, ಮತ್ತ ಒಳಗ ಹಾಕೋದೈತಿ" ಎನ್ನುತ್ತಿದ್ದುದು ನಮ್ಮಿಬ್ಬರಿಗೂ ಕೇಳಿಸಿತು. ಮಂಜುಳಾ ಚೀಲಗಳನ್ನು ನೋಡಿದಳು, ರಸ್ತೆಯ ಮೇಲೆ ನಿಂತ ನನ್ನ ಕಾರನ್ನು ನೋಡಿದಳು.

"ಎಷ್ಟ ದಿನಾ ಇರ್ತೀರ್ರಿ ಅಕ್ಕಾರ?" ಎಂದಳು.

ಸಿಟ್ಟಿನಿಂದಲ್ಲ, ಬರೀ ತಿಳಿದುಕೊಳ್ಳಲು ಕೇಳಿದಳು. ನನ್ನ ಪ್ರಶ್ನಾವಳಿಯಲ್ಲಿ ಇಲ್ಲದ ಇನ್ನೊಂದು ಪ್ರಶ್ನೆ. ಸಂಜೆಯ ರೈಲಿನ ಟಿಕೆಟ್ಟು ನನ್ನ ಬ್ಯಾಗಿನಲ್ಲಿತ್ತು. ಅವಳು ತಾಯಿಯ ಜಾಗದಲ್ಲಿ ಕೂತು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ತಂಬಿಗೆಯ ನೀರನ್ನು ಅಂಗೈಗೆ ಸುರುವಿಕೊಂಡು ಮೆಣಸಿನಕಾಯಿಯ ರಾಶಿಯ ಮೇಲೆ ಚಿಮುಕಿಸಿದಳು.